ಕೆನೆನಾಡಿನ ಮಹಜರು

ನಮ್ಮ ಕಚೇರಿಗೆ ದಿನಕ್ಕೆ ಮೂರ್ನಾಲ್ಕು ಜನವಾದರೂ ಸರ್ವೆ ನಕ್ಷೆ ಕೇಳಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ತಪ್ಪು ಅವರದಲ್ಲ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯಿಂದ ಕೂಗಳತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಗೆ ‘ಭೂಪಟ’ ಎಂದು ಬೋರ್ಡು ಹಾಕಿಕೊಂಡು ಕೂತರೆ ಇನ್ನೇನಾದೀತು? ಪೋಡಿ, ಹದ್ದುಬಸ್ತು ಎಂದು ಜಮೀನು ಅಳತೆಯ ಕಾಗದ ಹಿಡಿದು ಏದುಸಿರು ಬಿಡುತ್ತಾ ಬಂದವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಇದು ಆ ಭೂಮಿಯಲ್ಲ ಎಂದು ಹೇಳುವುದು ನನಗೆ ರೂಢಿಯಾಗಿದೆ. ಒಬ್ಬ ಹಿರಿಯರು ನನ್ನ ಕಂಪ್ಯೂಟರಿನಲ್ಲಿದ್ದ ಬಣ್ಣಬಣ್ಣದ ನಕ್ಷೆಯನ್ನು ಬಹಳ ಹೊತ್ತು ದಿಟ್ಟಿಸಿ, “ಇದ್ಯಾವ ಹೋಬ್ಳಿ ತಾಯಿ?” ಎಂದು ಕೇಳಿದ್ದರು.

ಅದು ಯಾವ ಹೋಬಳಿಯೂ ಅಲ್ಲ, ಆಟದ ಪ್ರಪಂಚ. ಅಂತರ್ಜಾಲದಲ್ಲಿ ಮೂವತ್ತೆರಡು ಜನ ಕನ್ನಡದಲ್ಲೇ ಆಡುತ್ತಾರೆ. ಒಬ್ಬೊಬ್ಬರೂ ಒಂದೊಂದು ದೇಶ. ದೇಶದ ಹೆಸರು, ಬಾವುಟ, ಕಾನೂನು, ಜನ, ಜಗಳ ಎಲ್ಲವನ್ನೂ ಅವರೇ ಕಟ್ಟಿಕೊಳ್ಳಬೇಕು. ವಾರಕ್ಕೊಂದು ವರದಿ ಬರೆಯಬೇಕು: ಮಳೆ ಬಂತೇ, ಕಟ್ಟೆ ಒಡೆಯಿತೇ, ಪಕ್ಕದವರ ಜೊತೆ ಒಪ್ಪಂದ ಆಯಿತೇ, ಇದ್ದದ್ದು ಹಳಸಿತೇ. ನಮ್ಮ ಒಂದು ವಾರ ಅಲ್ಲಿ ಒಂದು ವರ್ಷ. ಭಾನುವಾರ ಸಂಜೆ ಆರಕ್ಕೆ ತೀರ್ಪುಗಾರರು ಎಲ್ಲ ವರದಿಗಳನ್ನೂ ಓದಿ, ಯಾರ ಮಾತು ಎಷ್ಟು ನಡೆಯಬಹುದು ಎಂದು ನಿರ್ಧರಿಸಿ ನಕ್ಷೆ ತಿದ್ದುತ್ತಾರೆ. ಗೆಲ್ಲುವವರು ಯಾರೂ ಇಲ್ಲ. ಎಲ್ಲರೂ ಸೇರಿ ಒಂದು ಪ್ರಪಂಚವನ್ನು ನಡೆಸಿಕೊಂಡು ಹೋಗುವುದೇ ಆಟ.

ಈ ಮೂವತ್ತೆರಡು ಜನರನ್ನು ಬಿಟ್ಟುಹೋಗದಂತೆ ಹಿಡಿದಿಟ್ಟುಕೊಳ್ಳುವುದು ನನ್ನ ಕೆಲಸ. ಮೈಸೂರಿನ ಮಾಲೀಕರು ಈ ಹುದ್ದೆಗೆ ಉದ್ದನೆಯ ಹೆಸರಿಟ್ಟಿದ್ದಾರೆ. ಕಿರಂಗೂರಿನ ನಮ್ಮ ಮನೆಗೆ ಬಂದವರಿಗೆ ನನ್ನ ಗಂಡ ಮಾತ್ರ, “ಮೂವತ್ತೆರಡು ದೇಸ ಮೇಯಿಸ್ಕಂಡು ಬತ್ತಾಳೆ” ಎಂದೇ ಪರಿಚಯ ಮಾಡಿಕೊಡುತ್ತಾರೆ. ಅದೂ ಸುಳ್ಳಲ್ಲ. ಹೊಸಬರು ಬಂದರೆ ಒಬ್ಬ ಹಳಬರನ್ನು ಅವರಿಗೆ ‘ಸೋದರಮಾವ’ ಎಂದು ಗಂಟು ಹಾಕುತ್ತೇನೆ. ಮೊದಲ ನಾಲ್ಕು ವರದಿ ಬರೆಸುವ ಹೊಣೆ ಸೋದರಮಾವನದು. ಎಲ್ಲ ದೇಶಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಈ ವಾರ ವರದಿ ಬಂದರೆ ಹಸಿರು. ಎರಡು ವಾರ ಬಾರದಿದ್ದರೆ ಹಳದಿ. ಮೂರು ವಾರವಾದರೆ ಕೆಂಪು, ಜೊತೆಗೆ ಒಂದು ನೋಟಿಸು. ನಾಲ್ಕನೇ ಭಾನುವಾರವೂ ದಾಟಿದರೆ ಆ ದೇಶ ‘ತೆರವು’. ಹಕ್ಕಿನ ಅರ್ಜಿ ಹಾಕಿದ ನೆರೆಯವರಿಗೆ ಅದರ ನೆಲ ಸೇರುತ್ತದೆ.

ಈ ತೆರವಿನ ನಿಯಮ ಬರೆದವಳು ನಾನೇ. ಬರೆಯುವಾಗ ಬಹಳ ಹೆಮ್ಮೆಯಿತ್ತು. ಅದಕ್ಕೆ ಮೊದಲು, ಆಡುವುದು ಬಿಟ್ಟವರ ದೇಶಗಳು ಉಳುಮೆ ಕಾಣದ ಗದ್ದೆಯ ಹಾಗೆ ನಕ್ಷೆಯ ನಡುವೆ ಬಿದ್ದಿರುತ್ತಿದ್ದವು. ಅದರ ಕಳೆ ಅಕ್ಕಪಕ್ಕಕ್ಕೂ ಹಬ್ಬುತ್ತಿತ್ತು. ನಿಯಮ ಬಂದ ಮೇಲೆ ಪ್ರಪಂಚ ಚುರುಕಾಯಿತು. ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಒಂದು ವಾರ ಮಾತ್ರ ನಾನು ತಲೆ ತಗ್ಗಿಸಬೇಕಾಯಿತು.

ಆ ವಾರದ ಕಥೆಗೆ ಕೆನೆನಾಡು ಎಂಬ ದೇಶದ ಪರಿಚಯ ಬೇಕು. ಅದನ್ನು ನಡೆಸುತ್ತಿದ್ದವರು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಮೊಬೈಲಿನಲ್ಲೇ ಬರೆಯುತ್ತಿದ್ದ ಹೆಂಗಸು. ಎರಡು ವರ್ಷದಿಂದ ಒಂದು ವಾರವೂ ತಪ್ಪಿಸಿರಲಿಲ್ಲ. ನಾನು ಅವರನ್ನು ನೋಡಿರಲಿಲ್ಲ. ಫೋನಿನಲ್ಲಿ ಎರಡೋ ಮೂರೋ ಸಲ ಮಾತಾಡಿದ್ದೆ, ಅಷ್ಟೆ. ಆದರೆ ಅವರ ವರದಿಯನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದೆ. ಕೆನೆನಾಡಿಗೆ ರಾಜನಿಲ್ಲ, ಮಂತ್ರಿಯಿಲ್ಲ. ಎಲ್ಲ ತೀರ್ಮಾನವೂ ‘ದೊಡ್ಡವ್ವ’ ಎಂಬವಳದು. ಅಲ್ಲಿನ ಮೊದಲ ಕಾನೂನು ಹೀಗಿತ್ತು: “ಯಾರೇ ಬಂದು ಮೊಸರಿಗೆ ಹೆಪ್ಪು ಕೇಳಿದರೂ ಇಲ್ಲವೆನ್ನಬಾರದು, ಶತ್ರುವಾದರೂ ಸರಿ. ಆದರೆ ದೀಪ ಹಚ್ಚುವುದರೊಳಗೆ ಬಂದು ಕೇಳಬೇಕು.” ಕತ್ತಲಾದ ಮೇಲೆ ಮನೆಯಿಂದ ಹೆಪ್ಪು ಕೊಡಬಾರದೆಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಅದನ್ನು ಒಂದು ದೇಶದ ಸಂವಿಧಾನವಾಗಿ ನೋಡಿದ್ದು ನಾನು ಅದೇ ಮೊದಲು.

ಕೆನೆನಾಡಿನ ಪೂರ್ವಕ್ಕೆ ವಜ್ರಗಿರಿ ಸಾಮ್ರಾಜ್ಯ. ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆದುಕೊಂಡು ಎರಡು ಟ್ರಾಕ್ಟರ್ ಇಟ್ಟುಕೊಂಡಿರುವ ನಲವತ್ತರ ಗಂಡಸು ಅದರ ಚಕ್ರವರ್ತಿ. ಅವನಿಗೆ ಸಮುದ್ರದ ಹುಚ್ಚು. ನಡುವೆ ಕೆನೆನಾಡು ಅಡ್ಡ. ಒಮ್ಮೆ ಹತ್ತು ಸಾವಿರ ಸೈನಿಕರನ್ನು ಗಡಿಗೆ ತಂದು ನಿಲ್ಲಿಸಿ, ಬಂದರು ಬಿಟ್ಟುಕೊಡು ಎಂದ. ದೊಡ್ಡವ್ವ ಯುದ್ಧಕ್ಕೆ ಬರಲಿಲ್ಲ. ಬಿಸಿಲಲ್ಲಿ ನಿಂತ ಮಕ್ಕಳಿಗೆ ಮಜ್ಜಿಗೆ ಕಳಿಸಿದಳು. ಕುಡಿದ ಲೋಟ ವಾಪಸ್ಸು ಕೊಡುವಾಗ ಪ್ರತಿಯೊಬ್ಬನೂ ತನ್ನ ತಾಯಿಯ ಹೆಸರು ಹೇಳಬೇಕು ಎಂದಳು. ಸಂಜೆಯ ಹೊತ್ತಿಗೆ ಅರ್ಧ ಸೈನ್ಯ ಅವಳ ಗದ್ದೆಯಲ್ಲಿ ಭತ್ತ ಕೊಯ್ಯುತ್ತಿತ್ತು. ತೀರ್ಪುಗಾರರು ನಕ್ಕೂ ನಕ್ಕೂ ಅದನ್ನು ಒಪ್ಪಿದರು. ಚಕ್ರವರ್ತಿ ಒಂದು ತಿಂಗಳು ನನ್ನ ಮೇಲೂ ಮುನಿಸಿಕೊಂಡಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಎಲ್ಲರೂ ಇರುವ ಗುಂಪಿಗೆ ಡೈರಿ ಕಾರ್ಯದರ್ಶಿಯ ಸಂದೇಶ ಬಂತು: “ನಮ್ಮ ಅತ್ತೆ ತೀರಿಕೊಂಡರು. ಕೆಲವು ದಿನ ಬರಲಾಗುವುದಿಲ್ಲ.” ಗುಂಪಿನ ತುಂಬ ಕೈಮುಗಿದ ಚಿತ್ರಗಳು ಸುರಿದವು. ನಾನು ಉರಿಯುವ ಹಣತೆಯ ಚಿತ್ರ ಹಾಕಿದೆ. ಹಾಕಿ, ಹೊಸದಾಗಿ ಸೇರಿದ್ದ ಒಂದು ದೇಶಕ್ಕೆ ಸೋದರಮಾವನನ್ನು ಹುಡುಕಲು ಹೋದೆ. ಅಷ್ಟೇ ಮಾಡಿದ್ದು.

ಎರಡು ವಾರ ಕಳೆಯಿತು. ಕೆನೆನಾಡು ಹಳದಿಯಾಯಿತು. ಅದರ ಹಿಂದೆಯೇ ಉಳಿದವರ ಕೆಲಸವೂ ನಿಂತಿತು. ಧಾನ್ಯ ಅಲ್ಲಿಂದ ಬರಬೇಕು, ನದಿ ಅಲ್ಲಿಂದ ಸಮುದ್ರ ಸೇರಬೇಕು, ಇಬ್ಬರು ನೆರೆಯವರ ಗಡಿ ಜಗಳದಲ್ಲಿ ದೊಡ್ಡವ್ವನೇ ಪಂಚಾಯ್ತಿ ಹೇಳಬೇಕು. ಐದಾರು ದೇಶದವರು ಒಂದೇ ಸಾಲಿನ ವರದಿ ಬರೆಯತೊಡಗಿದರು: “ಕೆನೆನಾಡಿನ ಉತ್ತರಕ್ಕಾಗಿ ಕಾಯುತ್ತಿದ್ದೇವೆ.” ಮೂರನೇ ವಾರ ವಜ್ರಗಿರಿಯಿಂದ ಹಕ್ಕಿನ ಅರ್ಜಿ ಬಂತು. ಭಾನುವಾರ ಸಂಜೆ ಕೆನೆನಾಡು ಕೆಂಪಾಯಿತು.

ಸೋಮವಾರ ಬೆಳಿಗ್ಗೆ ನಾನಿನ್ನೂ ಕಚೇರಿಯ ಬೀಗ ತೆಗೆದಿರಲಿಲ್ಲ, ಫೋನು ಬಂತು. ಡೈರಿ ಕಾರ್ಯದರ್ಶಿಯ ನಂಬರು. ಮಾತಾಡಿದವಳು ಅವರ ನಾದಿನಿ, ಅಂದರೆ ತೀರಿಕೊಂಡವರ ಮಗಳು.

“ಯಾರವ್ವ ನೀನು? ನಮ್ಮವ್ವನ ತಿಥಿ ಆಗಿ ಇನ್ನೂ ಹತ್ತು ದಿನ ಆಗಿಲ್ಲ, ‘ತೆರವು ಮಾಡ್ತೀವಿ’ ಅಂತ ನೋಟೀಸ್ ಕಳ್ಸೀಯಲ್ಲ! ನಮ್ಮತ್ತಿಗೆ ಅದನ್ನ ನೋಡಿ ಒಳಕ್ಕೋದೋಳು ಈಚ್ಗೇ ಬಂದಿಲ್ಲ.”

ಮೂರು ವಾರ ಮುಗಿದರೆ ನೋಟಿಸು ತಾನೇ ಹೋಗುವಂತೆ ಕಂಪ್ಯೂಟರಿನಲ್ಲಿ ನಾನೇ ಹೊಂದಿಸಿಟ್ಟಿದ್ದೆ. ಅದನ್ನು ಹೇಳಲು ಹೋದೆ.

“ಅದು ತಾನಾಗೇ ಹೋಗುತ್ತೆ ಕಣಮ್ಮ, ನಾನು…”

“ತಾನಾಗೇ ಓಗುತ್ತಾ? ಸರಿ ಬುಡು. ಮೂವತ್ತು ಜನ ಮೊಬೈಲ್ನಲ್ಲಿ ಕೈ ಮುಗ್ದವ್ರೆ, ನಾನೂ ನೋಡ್ದೆ. ಒಬ್ರಾದ್ರೂ ಮಾತಾಡ್ಸಕೆ ಬಂದ್ರಾ? ಪಟ್ಣ ಎಷ್ಟ್ ದೂರ, ಪಾಂಡವಪುರ ಎಷ್ಟ್ ದೂರ? ಬಸ್ಸಿಲ್ವಾ? ಎರಡ್ ವರ್ಸದಿಂದ ನಮ್ಮತ್ತಿಗೆ ‘ನಮ್ಮೋರು, ನಮ್ಮೋರು’ ಅಂತಿದ್ಲು. ಇದೇನಾ ನಿಮ್ಮೋರು?” ಫೋನು ಇಟ್ಟಳು.

ನಾಚಿಕೆಯಾಯಿತು. ಸುತ್ತುಬಳಸಿ ಹೇಳುವುದೇನಿದೆ, ಕಣ್ಣಲ್ಲಿ ನೀರೂ ಬಂತು. ನಮ್ಮ ಕಡೆ ಸಾವಾದ ಮನೆಗೆ ಮಣ್ಣಿಗೆ ಹೋಗಲಾಗದವರು ಆಮೇಲಾದರೂ ಒಂದು ದಿನ ಹೋಗಿ ‘ಮಾತಾಡಿಸಿಕೊಂಡು’ ಬರಬೇಕು. ಅಲ್ಲಿ ದೊಡ್ಡ ಮಾತೇನೂ ಆಡುವುದಿಲ್ಲ. ಹೋಗಿ ಕೂರಬೇಕು. ಹೇಗಾಯಿತು ಎಂದು ಕೇಳಬೇಕು, ಅವರು ಹತ್ತನೇ ಸಲ ಹೇಳುವುದನ್ನು ಮೊದಲನೇ ಸಲ ಎಂಬಂತೆ ಕೇಳಿಸಿಕೊಳ್ಳಬೇಕು. ಕಾಫಿ ಕೊಟ್ಟರೆ ಕುಡಿಯಬೇಕು. ಎದ್ದು ಬರುವಾಗ ‘ಹೋಗಿ ಬರ್ತೀವಿ’ ಎನ್ನಬಾರದು. ಸಾವಿನ ಮನೆಗೆ ಮತ್ತೆ ಬರುವಂತಾಗಬಾರದು ಎಂದು ಸುಮ್ಮನೆ ಎದ್ದು ಬರಬೇಕು. ಇಷ್ಟು ಮಾಡದಿದ್ದರೆ ಆ ಮನೆಗೂ ನಿಮಗೂ ಮಾತು ಅಲ್ಲಿಗೇ ನಿಂತಿತೆಂದು ಲೆಕ್ಕ. ಇದೆಲ್ಲ ನನಗೆ ಗೊತ್ತಿಲ್ಲದ್ದೇ? ಎಷ್ಟು ಮನೆಗೆ ಹೋಗಿ ಬಂದಿಲ್ಲ ನಾನು? ಆದರೆ ಕೆನೆನಾಡನ್ನು ನಾನು ದೇಶ ಎಂದುಕೊಂಡಿದ್ದೆ, ಮನೆ ಎಂದುಕೊಂಡಿರಲಿಲ್ಲ.

ಮೊದಲು ಕೆಲಸದವಳ ಬುದ್ಧಿಯೇ ಓಡಿತು. ನೋಟಿಸನ್ನು ಹಿಂತೆಗೆದೆ. ಫೋನು ಮಾಡಿದೆ, ಎತ್ತಲಿಲ್ಲ. ಕ್ಷಮೆ ಕೇಳಿ ಬರೆದೆ, ಓದಿದ ಗುರುತೂ ಬರಲಿಲ್ಲ. ಭಾನುವಾರಕ್ಕೆ ಆರು ದಿನ ಉಳಿದಿತ್ತು. ಗಡುವನ್ನೇ ಮುಂದಕ್ಕೆ ಹಾಕೋಣವೆಂದು ತೀರ್ಪುಗಾರರ ಲೇತ್ ಅಂಗಡಿಗೆ ಹೋದೆ.

ತೀರ್ಪುಗಾರರಿಗೆ ಶ್ರೀರಂಗಪಟ್ಟಣದಲ್ಲೇ ಅಂಗಡಿ. ಟ್ರಾಕ್ಟರು, ಪಂಪಿನ ಭಾಗಗಳನ್ನು ಕಡೆದು ಕೊಡುವ ಸಾಹೇಬರು. ಅಳತೆಯ ಮನುಷ್ಯ. ಅವರು ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ನನ್ನ ಮಾತನ್ನು ಪೂರ್ತಿ ಕೇಳಿ ತಲೆಯಾಡಿಸಿದರು.

“ಅರೆ ಮೇಡಂ, ನಂಗೂ ಬೇಜಾರೇ. ಲೇಕಿನ್ ಗಡುವು ಮುಂದಕ್ಕಾಕೋಕೆ ನಾನು ಒಪ್ಪಲ್ಲ. ಓದ್ ವರ್ಷ ನನ್ ಬಾಮೈದಂದು ಏನಾಯ್ತು? ಬೈಕಿಂದ ಬಿದ್ದು ಕಾಲಿಗೆ ಪ್ಲಾಸ್ಟರು. ನಾಲ್ಕು ವಾರ ಬರೀಲಿಲ್ಲ. ಅವನ ದೇಶನ ನಾನೇ ತೆರವು ಅಂತ ಬರ್ದೆ. ನನ್ ಬೀವಿ ಮೂರು ದಿನ ಮಾತಾಡ್ಲಿಲ್ಲ ನನ್ ಜೊತೆ. ಇವತ್ತು ಇವ್ರಿಗೆ ಬಿಟ್ರೆ ಅವ್ನಿಗೆ ನಾನು ಯಾವ ಮುಖ ತೋರಿಸ್ಲಿ?”

ನ್ಯಾಯವಾದ ಮಾತು. ವಾಪಸ್ಸು ಬಂದೆ. ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಎಂದಿನಂತೆ ನೂಕುನುಗ್ಗಲು. ಕೌಂಟರಿನ ಮೇಲೆ ನಮೂನೆಗಳ ಕಟ್ಟು. ದಿನಾ ನೋಡುವ ಕಾಗದವೇ, ಆವತ್ತು ಕಣ್ಣಿಗೆ ಬಿತ್ತು: ಸ್ಥಳ ಮಹಜರು.

ಜಮೀನಿನ ವಿಷಯದಲ್ಲಿ ಯಾರೂ ಕಚೇರಿಯಲ್ಲಿ ಕೂತು ‘ಇಲ್ಲಿ ಯಾರೂ ಇಲ್ಲ’ ಎಂದು ಬರೆದುಬಿಡುವ ಹಾಗಿಲ್ಲ. ಜಾಗಕ್ಕೆ ಹೋಗಬೇಕು. ನಾಲ್ಕೂ ದಿಕ್ಕಿನ ಚೆಕ್ಕುಬಂದಿಯವರನ್ನು, ಅಂದರೆ ಗಡಿ ಹಂಚಿಕೊಂಡ ನೆರೆಯವರನ್ನು ಕರೆಸಬೇಕು. ಕಂಡದ್ದನ್ನು ಬರೆದು ಅವರ ಸಹಿ ಹಾಕಿಸಬೇಕು. ಒಂದು ಗುಂಟೆ ಜಾಗಕ್ಕೆ ಇಷ್ಟು ಮರ್ಯಾದೆ. ನಾನೋ, ಇಡೀ ದೇಶಗಳನ್ನು ಬಣ್ಣ ನೋಡಿ ತೆರವು ಮಾಡುತ್ತಿದ್ದೆ.

ಒಂದು ನಮೂನೆ ಎತ್ತಿಕೊಂಡು ಬಂದ ದಾರಿಯಲ್ಲೇ ಲೇತ್ ಅಂಗಡಿಗೆ ತಿರುಗಿದೆ. “ಗಡುವು ಹಾಗೇ ಇರಲಿ,” ಎಂದೆ. “ಆದರೆ ಇನ್ನು ಮೇಲೆ ಮಹಜರಿಲ್ಲದೆ ಯಾವ ದೇಶವೂ ತೆರವಾಗುವುದಿಲ್ಲ. ನೆರೆಯವರು ಖುದ್ದು ಮನೆಗೆ ಹೋಗಿ ನೋಡಿ ಸಹಿ ಹಾಕಬೇಕು. ಎಲ್ಲರಿಗೂ ಒಂದೇ ಕಾನೂನು. ನಿಮ್ಮ ಬಾಮೈದನ ದೇಶದ್ದೂ ಮತ್ತೆ ತೆಗೆಯೋಣ.”

ಸಾಹೇಬರು ನಮೂನೆಯನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗೆ ಓದಿದರು. “ಅವನ ಮನೇಗೆ ನಾನು ದಿನಾ ಹೋಗ್ತಿದ್ದೆ ಮೇಡಂ,” ಎಂದರು ಮೆಲ್ಲಗೆ. “ಪ್ಲಾಸ್ಟರ್ ಕಾಲು ದಿನಾ ನೋಡ್ತಿದ್ದೆ. ಆದ್ರೂ ಬರ್ದುಬಿಟ್ಟೆ.” ಆಮೇಲೆ ಪೆನ್ನು ತೆಗೆದು ಒಂದು ಸಾಲು ಸೇರಿಸಿದರು: ಹಕ್ಕಿನ ಅರ್ಜಿ ಹಾಕಿದವನೇ ಮೊದಲ ಸಾಕ್ಷಿ. “ನಮ್ಮಲ್ಲಿ ಪುರ್ಸಾ ಅಂತೀವಿ, ನಿಮ್ಮಲ್ಲಿ ಮಾತಾಡ್ಸೋದು ಅಂತೀರಿ. ಫೋನಲ್ಲಿ ಆಗೋದಲ್ಲ ಅದು. ನನ್ ಓಮ್ನಿ ತರ್ತೀನಿ, ಗುರುವಾರ ಹೋಗಣ.”

ಚಕ್ರವರ್ತಿಗೆ ಫೋನು ಮಾಡಿದಾಗ ಅವನು ಕಬ್ಬಿನ ಗದ್ದೆಯಲ್ಲಿದ್ದ. ಹಿಂದೆ ಟ್ರಾಕ್ಟರಿನ ಸದ್ದು.

“ಇದ್ಯಾವಾಗ ಬಂತಕ್ಕ ಈ ಕಾನೂನು?”

“ಇವತ್ತು ಬಂತು.”

“ನಾನು ಅರ್ಜಿ ಆಕಿದ್ ಮ್ಯಾಲೆ ಕಾನೂನು ತರಾದಾ? ಅನ್ಯಾಯ ಕಣಕ್ಕ ಇದು. ಕಡಿಯೋ ಕಬ್ಬು ಬುಟ್ಟು ನಾನು ಕೆ.ಆರ್. ಪ್ಯಾಟೆಗ್ ಬರ್ಬೇಕಾ?”

“ಬರದೇ ಇದ್ದರೆ ಅರ್ಜಿ ಬಿದ್ದುಹೋಗುತ್ತೆ. ಅದಿರಲಿ, ಆ ಮನೆಯಲ್ಲಿ ಸಾವಾಗಿದೆ ಅಂತ ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರಲ್ಲಿ ಯಾರು ಹೋದ್ವಿ?”

ಟ್ರಾಕ್ಟರಿನ ಸದ್ದು ನಿಂತಿತು. “ಅದು ದಿಟವೇ,” ಎಂದ. “ಬತ್ತೀನಿ ಬುಡಿ.”

ಒಂದು ಷರತ್ತು ಹಾಕಿದೆ. ಆ ಮನೆಯಲ್ಲಿ ಆಟದ ಮಾತು ಯಾರೂ ಎತ್ತುವಂತಿಲ್ಲ. ವರದಿ ಕೇಳುವಂತಿಲ್ಲ, ಭಾನುವಾರದ ಹೆಸರೂ ಎತ್ತುವಂತಿಲ್ಲ. ಮಾತಾಡಿಸಲು ಹೋದವರು ವ್ಯವಹಾರ ತೆಗೆಯಬಾರದು. ಹಾಗೆ ಹೇಳುವುದು ಸುಲಭ. ಗಡುವಿಗೆ ಮೂರು ದಿನ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂರುವುದು ನನ್ನಂಥವಳಿಗೆ ಎಷ್ಟು ಕಷ್ಟ ಎಂಬುದು ನನಗೇ ಗೊತ್ತು.

ಗುರುವಾರ ಹತ್ತು ಗಂಟೆಗೆ ಸಾಹೇಬರ ಓಮ್ನಿ ಕಿರಂಗೂರಿಗೆ ಬಂದು ನನ್ನನ್ನು ಹತ್ತಿಸಿಕೊಂಡಿತು. ಪಾಂಡವಪುರದಲ್ಲಿ ಚಕ್ರವರ್ತಿ ಕಾಯುತ್ತಿದ್ದ. ಹತ್ತು ಸಾವಿರ ಸೈನ್ಯದ ಒಡೆಯ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲೊಂದು ಸೇವಂತಿಗೆ ಹಾರದ ಪೊಟ್ಟಣ ಹಿಡಿದುಕೊಂಡು, ನೆಂಟರ ಮನೆಗೆ ಹೊರಟವನ ಹಾಗೆ ನಿಂತಿದ್ದ. ಎರಡು ವರ್ಷದಿಂದ ತನ್ನ ಯುದ್ಧಗಳನ್ನೆಲ್ಲ ತಳ್ಳಿಹಾಕುತ್ತಿದ್ದ ತೀರ್ಪುಗಾರರು ಯಾರೆಂದು ಅವನಿಗೆ ಗೊತ್ತಾದದ್ದು ಆಗಲೇ. “ಅಯ್ಯೋ, ನಮ್ ಪಂಪಿನ ಶಾಫ್ಟು ಕಡ್ದುಕೊಟ್ಟೋರು ನೀವೇಯ!” ಎಂದ. ಚಿನಕುರಳಿ ದಾಟುವವರೆಗೂ ಇಬ್ಬರೂ ಆ ಶಾಫ್ಟಿನ ಮಾತೇ ಆಡಿದರು.

“ಕೆನೆನಾಡಿನ ಆ ಯಮ್ಮ ಕಾಲೇಜಲ್ಲಿ ಪಾಠ ಮಾಡ್ತಿದ್ದೋರೇ ಇರ್ಬೇಕು ಕಣಕ್ಕ,” ಎಂದ ಚಕ್ರವರ್ತಿ ಆಮೇಲೆ. “ಅಷ್ಟು ತಲೆ ಅದೆ. ಡೈರಿ ಸೆಕ್ರೆಟ್ರಿ ಅಂತ ಸುಮ್ಕೆ ಯೋಳ್ಕತಾರೆ.”

ಕೆನೆನಾಡಿನ ಉತ್ತರದ ನೆರೆಯವರು ನಾಗಮಂಗಲದ ಒಂದು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರ ದೇಶದ ಹೆಸರು ಶಿಸ್ತುಪುರ. ಅವರು ಬೈಕಿನಲ್ಲಿ ನಮಗಿಂತ ಅರ್ಧ ಗಂಟೆ ಮೊದಲೇ ಬಂದು ಡ್ರಿಲ್ಲಿಗೆ ನಿಂತವರ ಹಾಗೆ ಊರ ಬಾಗಿಲಲ್ಲಿ ನಿಂತಿದ್ದರು. ದಕ್ಷಿಣಕ್ಕೆ ಕಾಡು, ಪಶ್ಚಿಮಕ್ಕೆ ಸಮುದ್ರ. ಸಾಕ್ಷಿಗಳು ಇಬ್ಬರೇ.

ಡೈರಿಯ ಹಿಂದಿನ ಮನೆ. ಬಾಗಿಲಲ್ಲಿ ಸಿಕ್ಕಿದ ನಾದಿನಿ ನಮ್ಮ ನಾಲ್ವರನ್ನೂ ಅಳೆಯುವಂತೆ ನೋಡಿ, ಚಾಪೆ ಹಾಸಿದಳು. ಗೋಡೆಗೆ ಒಬ್ಬ ಹಣ್ಣು ಮುದುಕಿಯ ಫೋಟೊ. ಮೂಗಿನ ಎರಡೂ ಕಡೆ ಮೂಗುತಿ. ಚಕ್ರವರ್ತಿ ಹಾರ ಹಾಕಿ, ಕೈ ಮುಗಿದು, ಮೂಲೆಯಲ್ಲಿ ಕೂತ. ಡೈರಿ ಕಾರ್ಯದರ್ಶಿ ಒಳಗಿನಿಂದ ಬಂದರು. ನನ್ನದೇ ವಯಸ್ಸು, ಸುಮಾರು ಮೂವತ್ತೈದು. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಕ್ಕ ಕೂತರು.

“ಹೇಗಾಯ್ತಮ್ಮ?” ಎಂದೆ.

ಹೇಳಿದರು. ಮೊದಲು ಕಾಲು ಊದಿದ್ದು, ಆಸ್ಪತ್ರೆ ಬೇಡ ಎಂದು ಹಟ ಮಾಡಿದ್ದು, ಕೊನೆಗೆ ಮೂರೇ ದಿನದಲ್ಲಿ ಮುಗಿದದ್ದು. ನಾವು ಕೇಳಿಸಿಕೊಂಡೆವು. ನಾನು ನೋಟಿಸಿನ ವಿಷಯಕ್ಕೆ ತಪ್ಪಾಯಿತು ಎಂದೆ. ಆಟದ ಮಾತಲ್ಲ ಅದು, ತಪ್ಪಿನ ಮಾತು.

“ಅದು ಮಿಷನ್ನು ಕಳ್ಸಿದ್ದು ಅಂತ ಗೊತ್ತು ಕಣಕ್ಕ,” ಎಂದರು. “ಆ ಮಿಷನ್ನಾದ್ರೂ ನಮ್ಮನ್ನ ಗ್ಯಾಪಕ ಮಡಿಕ್ಕಂಡದಲ್ಲ ಅಂದ್ಕಂಡೆ.”

ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ.

ಆಮೇಲೆ ಅವರು ಗಂಡಸರ ಕಡೆ ತಿರುಗಿ, ಯಾವೂರು ಎಂದು ಕೇಳಿದರು. ಮೇಷ್ಟ್ರು ಹೇಳಿದರು, ಸಾಹೇಬರು ಹೇಳಿದರು. ಚಕ್ರವರ್ತಿ ನೆಲ ನೋಡುತ್ತಾ, “ಕ್ಯಾತನಳ್ಳಿ” ಎಂದಷ್ಟೇ ಹೇಳಿದ.

“ಕ್ಯಾತನಳ್ಳಿನಾ? ಟ್ರಾಕ್ಟ್ರು ಮಡಗಿರೋರಾ?” ಅವರು ಸೆಟೆದು ಕೂತರು. “ವಜ್ರಗಿರಿನಾ ನೀವು?”

ಅವನು ಹೌದೆಂದು ತಲೆಯಾಡಿಸಿದ.

“ಅಯ್ಯೋ ಶಿವನೆ! ನಮ್ಮತ್ತೆ ದಿನಾ ನಿಮ್ಮನ್ನೇ ಕೇಳೋರು. ‘ಆ ವಜ್ರಗಿರಿ ಅಯ್ಯ ಇವತ್ತೇನ್ ತರ್ಲೆ ತಗುದ್ನವ್ವ?’ ಅಂತ. ನಾನು ಓದಾದು, ಅವ್ರು ಸೊಪ್ಪು ಬುಡಿಸ್ತಾ ಕೇಳಾದು. ‘ಅವ್ನಿಗೆ ಇಂಗ್ ಬರಿ, ಅಂಗ್ ಬರಿ’ ಅನ್ನೋರು. ಒಂದಕ್ಷರ ಬತ್ತಿರ್ಲಿಲ್ಲ ಅವ್ರಿಗೆ. ಅಕ್ಷರ ನಂದು, ಮಾತೆಲ್ಲ ಅವ್ರದು.”

ನಾವು ನಾಲ್ವರೂ ಗೋಡೆಯ ಫೋಟೊ ನೋಡಿದೆವು. ಎರಡು ಮೂಗುತಿಯ ದೊಡ್ಡವ್ವ ನಮ್ಮನ್ನು ನೋಡುತ್ತಿದ್ದಳು.

“ಅಂಗಾರೆ,” ಎಂದ ಚಕ್ರವರ್ತಿ. “ಮಜ್ಗೆ ಕುಡ್ಸಿ ನನ್ ಸೈನ್ಯವ ಬತ್ತ ಕುಯ್ಯಕ್ಕೆ ಅಚ್ಚಿದ್ದು ಈ ಯವ್ವನಾ?”

“ಊಂ ಮತ್ತೆ! ‘ಕುಯ್ಲಿಗೆ ಆಳು ಸಿಕ್ತಿಲ್ಲ, ಅವ್ರನ್ನೇ ಅಚ್ಚು’ ಅಂದ್ರು.”

ಮೊದಲು ನಕ್ಕವಳು ನಾದಿನಿ. ಆಮೇಲೆ ಡೈರಿ ಕಾರ್ಯದರ್ಶಿ, ಆಮೇಲೆ ನಾವೆಲ್ಲರೂ. ಡ್ರಿಲ್ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸಾವಿನ ಮನೆಯಲ್ಲಿ ಹಾಗೆ ನಗಬಾರದೆಂದು ಯಾರಿಗೂ ತೋಚಲಿಲ್ಲ. ನಗುತ್ತಿದ್ದ ಹಾಗೆಯೇ ಡೈರಿ ಕಾರ್ಯದರ್ಶಿ ಬಿಕ್ಕಿದರು. “ಬರ್ಯಾದು ನನ್ನಿಂದ ಆಗಾಕಿಲ್ಲ ಅಂತಲ್ಲ ಕಣಕ್ಕ. ಮೊಬೈಲ್ ಇಡ್ಕಂಡು ಕೂತ್ರೆ, ‘ಏನ್ ಬರೀಲತ್ತೆ’ ಅಂತ ಬಾಯಿಗ್ ಬತ್ತದೆ. ತಿರುಗಿ ನೋಡುದ್ರೆ ಯಾರೂ ಇರಾಕಿಲ್ಲ.”

ವಾರಕ್ಕೆ ಒಂದೇ ಸಾಲು ಬರೆದರೂ ಸಾಕು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡೆ. ಕಾಫಿ ಬಂತು, ಕುಡಿದೆವು.

ಏಳುವಾಗ ಒಂದು ಅನಾಹುತವಾಯಿತು. ಎಲ್ಲರೂ ಸುಮ್ಮನೆ ಎದ್ದು ಹೊಸಿಲು ದಾಟಿದರೆ, ಚಕ್ರವರ್ತಿ ಮಾತ್ರ ಅಭ್ಯಾಸಬಲದಿಂದ ತಿರುಗಿ ನಿಂತು, “ಓಗ್ಬತ್ತೀವಿ ಕಣವ್ವ” ಎಂದುಬಿಟ್ಟ. ಅಂದ ಮೇಲೆ ಅವನಿಗೂ ತಿಳಿಯಿತು. ಮೇಷ್ಟ್ರು ಅವನ ತೋಳು ಹಿಡಿದು ಎಳೆದರು.

ಡೈರಿ ಕಾರ್ಯದರ್ಶಿ ಹೊಸಿಲಿನವರೆಗೂ ಬಂದರು. “ಬನ್ನಿ,” ಎಂದರು. “ಬರ್ಲೇಬೇಕು ನೀವು.”

ಓಮ್ನಿಯ ಹತ್ತಿರ ಮೇಷ್ಟ್ರು ಅವನಿಗೆ, “ಏನ್ಲಾ ನೀನು, ಅಷ್ಟೂ ಗೊತ್ತಾಗಾಕಿಲ್ವಾ?” ಎಂದು ಗದರಿದರು. ಎರಡು ವರ್ಷ ‘ಮಾನ್ಯ ಚಕ್ರವರ್ತಿಗಳೇ’ ಎಂದು ಬರೆಯುತ್ತಿದ್ದವರು ಒಂದೇ ಭೇಟಿಗೆ ‘ಏನ್ಲಾ’ಗೆ ಇಳಿದಿದ್ದರು. ಅವನೂ ಬೇಸರ ಮಾಡಿಕೊಳ್ಳಲಿಲ್ಲ.

ಭಾನುವಾರ ಬಂತು. ಸಾಹೇಬರು ಐದಕ್ಕೇ ನನ್ನ ಕೋಣೆಗೆ ಬಂದು ಕೂತರು. ಐದೂವರೆಯಾಯಿತು, ಆರಕ್ಕೆ ಐದು ನಿಮಿಷವಾಯಿತು. ಕೆನೆನಾಡಿನಿಂದ ವರದಿ ಬರಲಿಲ್ಲ. ಬರುತ್ತದೆಂದು ನಾನು ಒಳಗೊಳಗೇ ಎಷ್ಟು ನಂಬಿದ್ದೆ ಎಂಬುದು ಆಗ ಗೊತ್ತಾಯಿತು. ಸಾಹೇಬರು ಮಹಜರು ತೆರೆದರು. ಬರೆದವನು ಚಕ್ರವರ್ತಿ. ತಾಲ್ಲೂಕು ಕಚೇರಿಯ ಕಾಗದದಂತೆಯೇ ಇರಬೇಕೆಂದು ಮೇಷ್ಟ್ರಿಂದ ತಿದ್ದಿಸಿದ್ದನಂತೆ:

“ಪೂರ್ವಕ್ಕೆ ವಜ್ರಗಿರಿ, ಉತ್ತರಕ್ಕೆ ಶಿಸ್ತುಪುರ, ದಕ್ಷಿಣಕ್ಕೆ ಕಾಡು, ಪಶ್ಚಿಮಕ್ಕೆ ಸಮುದ್ರ, ಈ ಚೆಕ್ಕುಬಂದಿಗೆ ಒಳಪಟ್ಟ ಕೆನೆನಾಡಿಗೆ ನಾವು ಖುದ್ದಾಗಿ ಹೋಗಿ ನೋಡಲಾಗಿ, ಅಲ್ಲಿ ಜನ ವಾಸವಾಗಿದ್ದಾರೆ. ಒಬ್ಬರು ಕಮ್ಮಿಯಾಗಿದ್ದಾರೆ. ಒಲೆ ಉರಿಯುತ್ತಿತ್ತು. ನಮಗೆ ಕಾಫಿ ಕೊಟ್ಟರು. ಸದರಿ ದೇಶ ತೆರವಾಗಿರುವುದಿಲ್ಲ. ನನ್ನ ಹಕ್ಕಿನ ಅರ್ಜಿ ವಾಪಸ್ಸು ಪಡೆದಿದ್ದೇನೆ.”

ಸಾಹೇಬರು ಎರಡು ಸಲ ಓದಿದರು. “ಸಹಿ ಎರಡೂ ಸರಿಯಾಗಿದೆ,” ಎಂದರು, ಬೇರೆಲ್ಲೋ ನೋಡುತ್ತಾ. ನನ್ನ ಹಾಳೆಯಲ್ಲಿ ಕೆನೆನಾಡಿನ ಮನೆಯಿಂದ ಕೆಂಪನ್ನು ಅಳಿಸಿದೆ. ಹಸಿರು ಹಾಕುವಂತಿಲ್ಲ, ವರದಿ ಬಂದಿಲ್ಲ. ಹಾಗಾಗಿ ಬಿಳಿ ಬಿಟ್ಟೆ. ಆವತ್ತಿನಿಂದ ನನ್ನ ಹಾಳೆಯಲ್ಲಿ ಬಿಳಿಯೂ ಒಂದು ಬಣ್ಣ. ಬಿಳಿ ಎಂದರೆ ಅಲ್ಲಿಗೆ ನೋಟಿಸು ಹೋಗುವುದಿಲ್ಲ, ನಾವು ಹೋಗಬೇಕು. ಸಾಹೇಬರ ಬಾಮೈದನಿಗೂ ಅವನ ದೇಶ ವಾಪಸ್ಸು ಸಿಕ್ಕಿತು. ಅವನ ಕಾಲು ಎಂದೋ ಸರಿಯಾಗಿತ್ತು ಎಂಬುದು ಬೇರೆ ಮಾತು.

ಮುಂದಿನ ಭಾನುವಾರವೂ ಬಿಳಿ. ಅದರ ಮುಂದಿನ ಭಾನುವಾರ ಸಂಜೆ ಐದಕ್ಕೆ ಕೆನೆನಾಡಿನ ವರದಿ ಬಂತು. ನಾಲ್ಕೇ ಸಾಲು:

“ದೊಡ್ಡವ್ವ ಆರು ವರ್ಷದ ಹಿಂದೆ ತೀರಿಕೊಂಡಳು. ನಮ್ಮಲ್ಲಿ ಮೊಸರು ಮಾಡುವುದು ನಿಂತಿದೆ, ಹೆಪ್ಪು ಉಳಿಸಿಕೊಳ್ಳಲಾಗಲಿಲ್ಲ. ಹಾಲು ಇದೆ. ವಜ್ರಗಿರಿಯವರು ಒಂದು ಚಮಚ ಹೆಪ್ಪು ಕೊಡಬೇಕು.”

ಎರಡು ವರ್ಷದಲ್ಲಿ ಕೆನೆನಾಡು ಯಾರನ್ನೂ ಏನನ್ನೂ ಕೇಳಿದ್ದಿಲ್ಲ. ನಾನಿನ್ನೂ ಅದನ್ನೇ ನೋಡುತ್ತಾ ಕೂತಿದ್ದೆ, ಫೋನು ಬಂತು.

“ಅಕ್ಕ, ನೋಡಿದ್ರಾ? ಎಪ್ಪು ಕೇಳವ್ರೆ! ನನ್ನ!”

“ಕೊಡಿ ಮತ್ತೆ.”

“ಎಲ್ಲಿಂದ ಕೊಡ್ಲಕ್ಕ? ನಮ್ ದೇಸದಲ್ಲಿ ಬರೀ ಕೋಟೆ, ಫಿರಂಗಿ, ಕುದ್ರೆ. ಎರಡ್ ವರ್ಸದಿಂದ ಒಂದ್ ಅಸ ಕಟ್ಟಿಲ್ಲ ನಾನು!”

“ಪಕ್ಕದವರನ್ನ ಕೇಳಿ. ಬೇಗ, ಆರಕ್ಕೆ ಮುಚ್ಚುತ್ತೆ.”

“ಆರು ಗಂಟೆ ಮನೆ ಆಳಾಗ್ಲಿ, ದೀಪ ಅಚ್ಚಾದ್ರೊಳಗೆ ಕಳ್ಸಬೇಕು ಕಣಕ್ಕ!” ಎಂದು ಫೋನು ಇಟ್ಟ.

ಆ ಮೇಲಿನ ಮುಕ್ಕಾಲು ಗಂಟೆಯಲ್ಲಿ ನನ್ನ ಪ್ರಪಂಚ ಓಡಿದ ಹಾಗೆ ಅದುವರೆಗೆ ಎಂದೂ ಓಡಿರಲಿಲ್ಲ. ವಜ್ರಗಿರಿ ಶಿಸ್ತುಪುರವನ್ನು ಕೇಳಿತು. ಶಿಸ್ತುಪುರದಲ್ಲೂ ಹಸುವಿರಲಿಲ್ಲ, ಅದು ತನ್ನ ಪಕ್ಕದವರನ್ನು ಕೇಳಿತು, ಅವರು ತಮ್ಮ ಪಕ್ಕದವರನ್ನು. ವಾರಗಟ್ಟಲೆ ‘ಕಾಯುತ್ತಿದ್ದೇವೆ’ ಎಂದು ಬರೆಯುತ್ತಿದ್ದ ದೇಶಗಳೆಲ್ಲ ಗಡಿ ತೆರೆದವು. ಕೊನೆಗೆ ಹೆಪ್ಪು ಸಿಕ್ಕಿದ್ದು ಸಾಹೇಬರ ಬಾಮೈದನ ದೇಶದಲ್ಲಿ. ಅದು ಆರು ದೇಶ ದಾಟಿ ಬಂತು. ಆರಕ್ಕೆ ಮೂರು ನಿಮಿಷವಿದ್ದಾಗ ವಜ್ರಗಿರಿಯ ವರದಿ ಬಿತ್ತು:

“ಫಿರಂಗಿ ಎಳೆಯುವ ಕುದುರೆಯ ಮೇಲೆ ಒಂದು ಚಮಚ ಹೆಪ್ಪನ್ನು ಕೆನೆನಾಡಿಗೆ ತಲುಪಿಸಲಾಯಿತು. ನಾನೇ ಹೋಗಿದ್ದೆ. ಅವರ ಬಾಗಿಲಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ.”